ವೆರ್ಲಿನ್ ಕಾದ ಸೌದೆ ರಾಶಿ

ಯೂನಿವರ್ಸಿಟಿ ತೋಟದ ಕೆಲಸಕ್ಕೆ ಸೇರಿದಾಗ ವೆರ್ಲಿನ್ ಸ್ಟ್ರೌಡ್‌ಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಈಗ ಅದೂ ಬೆಳ್ಳಗಾಗಿದೆ. ಅಮೆರಿಕದ ಇಂಡಿಯಾನಾದ ಆ ಪುಟ್ಟ ಊರಲ್ಲಿ ಅಕ್ಟೋಬರ್ ಬಂತು ಅಂದ್ರೆ ಅವನಿಗೆ ಒಂದೇ ಯೋಚನೆ. ಹಳೇ ವಿದ್ಯಾರ್ಥಿಗಳು ವಾಪಸ್ ಬರೋ ಹಬ್ಬ ಅದು. ಶನಿವಾರ ಫುಟ್‌ಬಾಲ್ ಪಂದ್ಯ, ಹಿಂದಿನ ಸಂಜೆ ದೊಡ್ಡ ಬೆಂಕಿ. ಬೆಂಕಿಗೆ ಸೌದೆ ಪೇರಿಸೋನು ವೆರ್ಲಿನ್.

ಮೊದಲೆಲ್ಲ ರಾಶಿ ಎರಡಂತಸ್ತಿನ ಮನೆ ಎತ್ತರ ಏಳೋದು. ಎದುರಾಳಿ ಕ್ರೆಸ್ಟನ್ ಕಾಲೇಜಿನ ಹುಡುಗರು ಕದ್ದು ಬಂದು ಮುಂಚೇನೇ ಹಚ್ಚಿಬಿಡೋರು. ಹಚ್ಚಿದ್ರೆ ಅವರು ಗೆದ್ದಂಗೆ. ಅದಕ್ಕೇ ಇಲ್ಲಿನ ಹೊಸ ವಿದ್ಯಾರ್ಥಿಗಳು ಕಂಬಳಿ ಹೊದ್ದು ಕಾವಲು ಕೂರೋರು. ಆಮೇಲೆ ಅಪ್ಪ ಅಮ್ಮಂದಿರು ಚಳಿ ಅಂದ್ರು, ಕಾವಲು ನಿಂತುಹೋಯ್ತು. ಕಂಬಕ್ಕೆ ಕ್ಯಾಮೆರಾ ಬಂತು. ರಾಶಿ ಆಳೆತ್ತರಕ್ಕಿಳೀತು. ಈ ವರ್ಷ ಬೆಂಕಿಯಲ್ಲಿ ಏನಾದ್ರೂ ಎಡವಟ್ಟಾದ್ರೆ ಮುಂದೆ ಬರೀ ಬಣ್ಣದ ಲೈಟು ಅಂದುಬಿಟ್ರು ಆಫೀಸಿನೋರು.

ಅವತ್ತಿಂದ ವೆರ್ಲಿನ್‌ಗೆ ಎಲ್ಲರ ಮೇಲೂ ಗುಮಾನಿ. ಪಿಜ್ಜಾ ತರೋನು, ನಾಯಿ ಅಡ್ಡಾಡಿಸೋಳು, ಯಾರನ್ನೂ ನಂಬ್ತಿರಲಿಲ್ಲ. ಸಾಲದು ಅಂತ ದಿನಾ ಮನೆಗೆ ಹೋಗೋವಾಗ ಹುಲ್ಲಿಗೆ ನೀರು ಹಾರಿಸೋ ಪೈಪನ್ನ ರಾಶಿ ಕಡೆ ತಿರುಗಿಸಿ ನೀರು ಬಿಟ್ಟು ಹೋಗೋನು.

"ಈಗ ಯಾರ್ರೀ ಬರ್ತಾರೆ ಸುಡಕ್ಕೆ?" ಹೆಂಡತಿ ನೇಡೀನ್ ನಗೋಳು. "ಹುಡುಗ್ರಿಗೆ ಫೋನ್ ನೋಡಕ್ಕೇ ಪುರುಸೊತ್ತಿಲ್ಲ."

"ಕ್ರೆಸ್ಟನ್ನೋರು ನಿಂಗೊತ್ತಿಲ್ಲ, ಸುಮ್ನಿರು."

ಗುರುವಾರ ಮಧ್ಯಾಹ್ನ ಒಬ್ಬ ಮುದುಕ ಪಿಕಪ್ಪಿಂದ ಇಳಿದ. ತಲೆ ಮೇಲೆ ಹಸಿರು ಟೋಪಿ. ಹಸಿರು ಅಂದ್ರೆ ಕ್ರೆಸ್ಟನ್. ರಾಶಿ ಹಿಂದೆ ಹೋಗಿ ಬಗ್ಗಿದ. ವೆರ್ಲಿನ್ ಸಲಿಕೆ ಹಿಡ್ಕೊಂಡು ಓಡಿದ.

"ಏನಯ್ಯಾ ಮಾಡ್ತಿದೀಯ? ಜೇಬಲ್ಲಿರೋದು ತೆಗಿ!"

ಲೈಟರ್ ಸಿಕ್ತು. ವೆರ್ಲಿನ್ ಕಿತ್ಕೊಂಡ.

"ಅದು ಸಿಗರೇಟಿಗೆ ಮಾರಾಯ. ನಾನು ಲೋವೆಲ್ ಪ್ರೂಯಿಟ್. ಹುಡುಗನಾಗಿದ್ದಾಗ ನಿಮ್ಮ ರಾಶಿ ಒಂದ್ಸಲ ಸುಟ್ಟಿದ್ದೆ. ಕಾವಲು ಈಗ್ಲೂ ಇದ್ಯಾ ಅಂತ ನೋಡಕ್ಕೆ ಬಂದೆ." ಕೊರಡೊಂದನ್ನ ಎಳೆದು ಹಿಂಡೋ ಹಂಗೆ ಹಿಡಿದ. "ಅಲ್ವೋ, ಇದು ಒಳಗೂ ತೊಯ್ದು ತೊಪ್ಪೆಯಾಗಿದೆ! ನಾಳೆ ಬರೀ ಹೊಗೆ ಬರುತ್ತೆ, ಬೆಂಕಿ ಹತ್ತಲ್ಲ. ಮಳೇನೇ ಇಲ್ವಲ್ಲ?"

ವೆರ್ಲಿನ್ ಪೈಪ್ ಕಡೆ ನೋಡಿದ. ಲೋವೆಲ್ಲೂ ಆ ಕಡೆ ತಿರುಗಿದ.

ಲೋವೆಲ್ ಹೊಟ್ಟೆ ಹಿಡ್ಕೊಂಡು ನಕ್ಕ. "ನಾವು ಅಷ್ಟು ಜನ ಸೇರಿ ಒದ್ದಾಡಿ ಕೆಡಿಸ್ತಿದ್ದ ರಾಶೀನ ನೀನೊಬ್ಬನೇ ಕೆಡಿಸ್ಬಿಟ್ಟೆ! ನಮ್ಮ ಹಳೇ ಕೊಟ್ಟಿಗೆ ಕೆಡವಿದೀನಿ, ಒಣ ಹಲಗೆ ಬೇಕಾದಷ್ಟಿದೆ. ತರ್ಲಾ?"

"ನಮ್ಮ ಬೆಂಕಿ ಮೇಲೆ ನಿಂಗ್ಯಾಕೆ ಅಷ್ಟು ಅಕ್ಕರೆ?"

"ಬೆಂಕಿನೇ ಇಲ್ದಿದ್ರೆ ನಮ್ಮೋರು ಕದ್ದು ಬಂದು ಏನನ್ನ ಹಚ್ಚೋದು?"

ಬೇರೆ ದಾರಿ ಇರಲಿಲ್ಲ. ಲೋವೆಲ್ ಪಿಕಪ್ ತುಂಬಾ ಹಲಗೆ ತಂದ. ಇಬ್ಬರೂ ಸೇರಿ ರಾಶಿ ಬಿಚ್ಚಿ ಮತ್ತೆ ಪೇರಿಸಿದ್ರು. ಒಂದೊಂದು ಹಲಗೆನೂ ಸೀಮೆಎಣ್ಣೆ ವಾಸನೆ ಇದ್ಯಾ ಅಂತ ಮೂಸಿ ಮೂಸಿನೇ ಇಟ್ಟ ವೆರ್ಲಿನ್.

ಶುಕ್ರವಾರ ಸಂಜೆ ಒಂದೇ ಕಡ್ಡಿಗೆ ಹತ್ಕೊಳ್ತು. ಹಳಬರು, ಹೊಸಬರು ಎಲ್ಲ ಜ್ವಾಲೆ ನೋಡ್ತಾ ಕೂಗ್ತಿದ್ರು. ವೆರ್ಲಿನ್ ಮಾತ್ರ ಲೋವೆಲ್‌ನ ಕೈ ನೋಡ್ತಿದ್ದ.

"ಈಗಾದ್ರೂ ಲೈಟರ್ ಕೊಡಯ್ಯಾ," ಅಂದ ಲೋವೆಲ್.

"ನಾಳೆ ಪಂದ್ಯ ಮುಗೀಲಿ, ನೋಡೋಣ."