ಬಂಡ್ರಿಯ ಅಕ್ಕ ಮುಂದಕ್ಕೆ ಹೋಗಲಿಲ್ಲ

ನಾನು ಪಾಠ ಹೇಳುವ ಎಮ್ಮಿಗನೂರಿನ ಶಾಲೆಗೆ ಈಚೆಗೆ ಯಾರೋ ಹಾಕಿ ಆಟದ ಹಳೇ ಸಾಮಾನು ದಾನ ಕೊಟ್ಟರು. ಗೋಣಿಚೀಲದ ಬಾಯಿ ಬಿಚ್ಚಿದರೆ ಬೆವರು, ಮುಗ್ಗಿದ ಹತ್ತಿ, ಹಳೇ ಚರ್ಮ ಎಲ್ಲ ಕಲಸಿದ ವಾಸನೆ. ಗೋಲ್‌ಕೀಪರ್ ಕಾಲಿಗೆ ಕಟ್ಟುವ ಪ್ಯಾಡುಗಳು. ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. ನಾನು ಅವನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ... ಸಂಡೂರಿನ ಹೈಸ್ಕೂಲಿನಲ್ಲಿ ನಾನೂ ಗೋಲ್‌ಕೀಪರ್ ಆಗಿದ್ದೆ. ನನ್ನ ಮುಂದೆ ಬಂಡ್ರಿಯ ಅಕ್ಕ ಆಡುತ್ತಿದ್ದಳು.

ನನಗಿಂತ ಒಂದು ಕ್ಲಾಸು ದೊಡ್ಡವಳು. ದಿನಾ ಬಂಡ್ರಿಯಿಂದ ಬಸ್ಸಿಗೆ ಬರುತ್ತಿದ್ದಳು, ಅದಕ್ಕೇ ಆ ಹೆಸರು. ಗಣಿಗಳು ಹಗಲೂ ರಾತ್ರಿ ನಡೆಯುತ್ತಿದ್ದ ವರ್ಷಗಳು ಅವು. ಅದಿರಿನ ಲಾರಿಗಳು ಶಾಲೆಯ ಗೋಡೆಗೆ ಮೈ ಒರೆಸಿಕೊಂಡಂತೆ ಹೋಗುತ್ತಿದ್ದವು. ಮೈದಾನ, ಯೂನಿಫಾರ್ಮು, ನಮ್ಮ ಉಗುಳು ಕೂಡ ಕೆಂಪು. ಆಕೆಯ ಅಮ್ಮ ಗಣಿಯಲ್ಲಿ ಅದಿರು ಒಡೆಯುವ ಕೂಲಿಗೆ ಹೋಗುತ್ತಿದ್ದರು. ಭಾನುವಾರವೂ ಬಿಡುವಿಲ್ಲ. ಮಗಳ ಆಟವನ್ನು ಒಮ್ಮೆಯೂ ನೋಡಿರಲಿಲ್ಲ.

“ಇಂಥಾಕಿ ಒಂದು ತಲೆಮಾರಿಗೆ ಒಬ್ಬಾಕಿ ಹುಟ್ತಾಳ,” ಎನ್ನುತ್ತಿದ್ದರು ನಮ್ಮ ಪಿ.ಟಿ. ಸರ್. ನಮಗೆ ಅದು ಅರ್ಥವಾಗುತ್ತಿರಲಿಲ್ಲ. ಆಕೆಗಿಂತ ಜೋರು ಓಡುವವರು, ಜೋರು ಹೊಡೆಯುವವರು ನಮ್ಮಲ್ಲೇ ಇದ್ದರು. ಆದರೆ ಗೋಲಿನಲ್ಲಿ ನಿಂತ ನನಗೆ ಆಕೆಯ ಮುಖ ಕಾಣುತ್ತಿರಲಿಲ್ಲ, ಜಡೆ ಕಾಣುತ್ತಿತ್ತು. ಚೆಂಡು ಇನ್ನೂ ದೂರದಲ್ಲಿರುವಾಗಲೇ ಆ ಜಡೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಾರುತ್ತಿತ್ತು. ಯಾರು ಎಲ್ಲಿದ್ದಾರೆಂದು ನೋಡಿಕೊಳ್ಳುತ್ತಿದ್ದಳು. ನಾವು ಚೆಂಡು ಸಿಕ್ಕ ಮೇಲೆ ಯೋಚಿಸಲು ಶುರು ಮಾಡುತ್ತಿದ್ದೆವು. ಆಕೆಯ ಯೋಚನೆ ಅಷ್ಟರಲ್ಲಿ ಮುಗಿದಿರುತ್ತಿತ್ತು. ಕಲ್ಲಿಗೆ ಬಡಿದ ಚೆಂಡು ಎತ್ತ ಹಾರಿದರೂ ಅಲ್ಲಿ ಮೊದಲೇ ನಿಂತಿರುತ್ತಿದ್ದಳು.

ಆ ವರ್ಷ ಹೊಸಪೇಟೆಯಲ್ಲಿ ದೊಡ್ಡ ಮ್ಯಾಚು. ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಒಬ್ಬ ಮೇಡಂ ಬರುತ್ತಾರೆಂದು ಸುದ್ದಿ. ಗಾದಿಗನೂರಿನ ಹತ್ತಿರ ನಮ್ಮ ಟೆಂಪೊ ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದು, ಮೈದಾನ ಮುಟ್ಟುವಷ್ಟರಲ್ಲಿ ಎದುರಿನ ತಂಡ ಸಾಲಾಗಿ ನಿಂತಿತ್ತು. ಸರ್ ಅಕ್ಕನನ್ನು ಪಕ್ಕಕ್ಕೆ ಕರೆದು, “ಇವತ್ತು ನೀ ಗೋಲು ಹೊಡೀಬೇಕವ್ವ. ಗೋಲು ಹೊಡದ್ರನ ಕಣ್ಣಿಗೆ ಬೀಳ್ತಿ,” ಎಂದರು. ಆಕೆ ತಲೆಯಾಡಿಸಿದಳು.

ಆಟ ಅರ್ಧ ಮುಗಿದಿತ್ತು, ಯಾರದೂ ಗೋಲಾಗಿರಲಿಲ್ಲ. ಆಗ ಗೋಲಿನ ಮುಂದೆ ಕಾಯುವ ನಮ್ಮ ಬ್ಯಾಕ್ ಹುಡುಗಿಯ ಕಾಲಿಗೆ ಸ್ಟಿಕ್ ಬಡಿಯಿತು. ಆಕೆಯ ಜಾಗಕ್ಕೆ ಬಂದವಳು ಒಂದು ಪೂರ್ತಿ ಮ್ಯಾಚನ್ನೂ ಆಡಿದವಳಲ್ಲ. ಚೆಂಡು ಬಿಟ್ಟು ಹಿಂದೆ ತಿರುಗಿ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಅಕ್ಕ ಹಿಂದಕ್ಕೆ ಬಂದು ಆಕೆಯ ಪಕ್ಕದಲ್ಲಿ ನಿಂತಳು.

“ಮುಂದಕ್ಕ ಹೋಗಲೇ! ಮುಂದಕ್ಕ!” ಸರ್ ಗೆರೆಯಾಚೆಯಿಂದ ಕೂಗಿದರು. ಅಕ್ಕ ಹೋಗಲಿಲ್ಲ.

“ನಿನ್ನ ಎಡಕ್ಕ ಬರ್ತೈತಿ, ಸ್ಟಿಕ್ ಕೆಳಗಿಡು. ಹೂಂ, ಹಂಗ. ಈಗ ನನಗ ಕೊಡು...” ಮೈದಾನದ ಗದ್ದಲದಲ್ಲೂ ಆ ಮೆಲುದನಿ ನನಗೆ ಕೇಳುತ್ತಿತ್ತು. ಹೊಸ ಹುಡುಗಿ ಒಂದು ಚೆಂಡು ತಡೆದಳು, ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಅಕ್ಕ ಹೇಳುವ ಮೊದಲೇ ತಡೆಯತೊಡಗಿದಳು. ಇನ್ನೇನು ಆಟ ಮುಗಿಯಬೇಕು, ಅಕ್ಕ ನಮ್ಮ ಗೋಲಿನ ಮುಂದಿನ ಡಿ ಗೆರೆಯ ಹತ್ತಿರವೇ ಚೆಂಡು ಕಸಿದು, ತಲೆಯೆತ್ತದೆ ಎಡ ಮೂಲೆಗೆ ಉದ್ದಕ್ಕೆ ಹೊಡೆದಳು. ಅಲ್ಲಿ ನಮ್ಮ ಹುಡುಗಿಯೊಬ್ಬಳು ಒಂಟಿಯಾಗಿ ನಿಂತಿದ್ದಾಳೆಂದು ಆಕೆಯೊಬ್ಬಳಿಗೇ ಗೊತ್ತಿತ್ತು. ಗೋಲಾಯಿತು. ಹೊಡೆದವಳ ಮೇಲೆ ಎಲ್ಲರೂ ಬಿದ್ದು ಕುಣಿದರು. ಅಕ್ಕ ಹೊಸ ಹುಡುಗಿಯ ಬೆನ್ನು ತಟ್ಟುತ್ತಿದ್ದಳು.

ಆರಿಸಲು ಬಂದ ಮೇಡಂ ನೇರ ಅಕ್ಕನ ಹತ್ತಿರ ಬಂದರು. “ನೀನ್ಯಾಕೆ ಮುಂದೆ ಹೋಗಲಿಲ್ಲ?”

“ಮುಂದ ಭಾಳ ಮಂದಿ ಇದ್ರು ರೀ ಮೇಡಂ. ಹಿಂದ ಈಕಿ ಒಬ್ಬಾಕಿನ ಇದ್ಲು.”

ಮೇಡಂ ಸರ್ ಕಡೆ ತಿರುಗಿ, “ಈ ಹುಡುಗಿಯನ್ನ ನನಗೆ ಕೊಡಿ,” ಎಂದರು. ಸರ್ ಕಣ್ಣೊರೆಸಿಕೊಂಡು, ದೂಳು ಬಿತ್ತು ಎಂದರು.

ಅಕ್ಕ ಹಾಸ್ಟೆಲಿಗೆ ಹೋದಳು, ರಾಜ್ಯದ ತಂಡಕ್ಕೆ ಆಡಿದಳು. ಮೊಣಕಾಲು ಕೈಕೊಟ್ಟಾಗ ಅದೇ ಹಾಸ್ಟೆಲಿನಲ್ಲಿ ಕೋಚ್ ಆದಳು. ದೇಶದ ತಂಡದವರೆಗೆ ಹೋಗಬೇಕಾದವಳು ಎಂದು ನಾವು ಮರುಗುತ್ತಿದ್ದೆವು. ಆಕೆ ಮರುಗಲಿಲ್ಲ. ಫೋನ್ ಮಾಡಿದರೆ ತನ್ನ ಹುಡುಗಿಯರ ಸುದ್ದಿಯೇ. ಹೋದ ಮಳೆಗಾಲದಲ್ಲಿ ಒಂದು ಜ್ವರ ಬಂತು, ಬಿಡಲಿಲ್ಲ... ನಾನು ಅಕ್ಕನ ಮಣ್ಣಿಗೆ ಹೋದಾಗ ಆಕೆ ಕಲಿಸಿದ ಹುಡುಗಿಯರು ಬಸ್ಸು ಹತ್ತಿ ಬಂಡ್ರಿಯವರೆಗೆ ಬಂದಿದ್ದರು. ಅಷ್ಟೊಂದು ಹೆಣ್ಣುಮಕ್ಕಳು ತನ್ನ ಮಗಳಿಗಾಗಿ ಅಳುವುದನ್ನು ಅಮ್ಮ ಬೆರಗಾಗಿ ನೋಡುತ್ತಿದ್ದರು.

ಆಮೇಲೊಮ್ಮೆ ಮಾತಾಡಿಸಲು ಹೋದಾಗ ಅವರೇ ಕೇಳಿದರು: “ಆ ಆಟ ಹೆಂಗಿರತೈತವ್ವ? ನಾ ಒಮ್ಮೆನೂ ನೋಡ್ಲಿಲ್ಲ.” ನಮ್ಮ ಶಾಲೆಯ ಮ್ಯಾಚಿಗೆ ಬರ್ರಿ ಎಂದೆ.

ಹೋದ ಭಾನುವಾರ ಬಂದಿದ್ದರು. ಗದ್ದೆಯ ಬದಿಯ ನಮ್ಮ ಪುಟ್ಟ ಮೈದಾನದಲ್ಲಿ, ಬೇವಿನ ನೆರಳಿಗೆ ಕುರ್ಚಿ ಹಾಕಿಸಿದೆ. ಕುರ್ಚಿ ಬ್ಯಾಡ ಎಂದು ನೆಲದ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತು ಆಟ ವಿವರಿಸಿದೆ. ನಮ್ಮ ಹುಡುಗಿಯರು ಬೀಳುತ್ತಿದ್ದರು, ಏಳುತ್ತಿದ್ದರು, ಚೆಂಡಿದ್ದ ಕಡೆಗೆಲ್ಲ ಗುಂಪುಗುಂಪಾಗಿ ಓಡುತ್ತಿದ್ದರು.

“ಇವ್ರಾಗ ನನ್ನ ಮಗಳಂಗ ಆಡೋರು ಯಾರದಾರ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಯಾರೂ ಇಲ್ಲಮ್ಮ.”

ಅವರು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

“ಇರಲಿ ಬಿಡವ್ವ. ಇವ್ರೂ ಯಾರ್ದೋ ಮಕ್ಕಳ. ಅವ್ರ ಅವ್ವಂದ್ರೂ ಇವತ್ತು ಕೆಲಸಕ್ಕ ಹೋಗಿರ್ತಾರ,” ಎಂದು ಚಪ್ಪಾಳೆ ತಟ್ಟತೊಡಗಿದರು.