ಬರ್ಮಾ ಹಸನಬ್ಬ ಮತ್ತು ಅವರ ಅಣ್ಣ

ಬರ್ಮಾ ಹಸನಬ್ಬ ಸ್ವಂತ ಅಣ್ಣನ ಜೊತೆ ಮಾತಾಡುತ್ತಿದ್ದುದು ಗಿರಾಕಿಗಳ ಮೂಲಕ. ಮಂಗಳೂರಿನ ಫಳ್ನೀರಿನಲ್ಲಿದ್ದ ಅವರ ಬಟ್ಟೆ ಅಂಗಡಿಯಲ್ಲಿ ಇಬ್ಬರೂ ಕೈಗೆಟಕುವ ದೂರದಲ್ಲೇ ಇರುತ್ತಿದ್ದರು. "ಸಾರ್, ಆ ಮನುಷ್ಯನಿಗೆ ಸ್ವಲ್ಪ ಹೇಳಿ, ಮೇಲಿನ ಬಿಳಿ ಥಾನು ತೆಗೀಲಿಕ್ಕೆ" ಎಂದು ಹಸನಬ್ಬ ನಮ್ಮಂಥ ಗಿರಾಕಿಗಳಿಗೆ ಹೇಳುತ್ತಿದ್ದರು. ನಾವು ಬಾಯಿ ತೆರೆಯುವ ಮೊದಲೇ ಅಣ್ಣ ಮಮ್ಮದ್ ಬ್ಯಾರಿ ಎದ್ದು ಥಾನು ಇಳಿಸುತ್ತಿದ್ದರು.

ಬಲ್ಮಠದ ಕಾಲೇಜೊಂದರಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದ ನಾನು ಆ ಅಂಗಡಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ನನಗೆ ಜ್ವರ ಬಂದಾಗ ಹಸನಬ್ಬ ಮನೆಯಿಂದ ಗಂಜಿ ತರಿಸಿ, ಪಕ್ಕದಲ್ಲಿ ಕೂತು ಕುಡಿಸಿದವರು. "ಎಂತ ಮೇಷ್ಟ್ರೇ, ಗಂಜಿಗೆ ಮುಖ ಸಿಂಡರಿಸಿದ್ರೆ ಆಗ್ತದಾ?" ಅಣ್ಣನ ಕಣ್ಣು ಮಂಜಾದ ಮೇಲೆ, ಅವರು ಕೂರಲು ಹೋದಾಗ ಸ್ಟೂಲನ್ನು ಗಂಜಿ ಕುಡಿಸಿದ ಅದೇ ಕೈ ಸದ್ದಿಲ್ಲದೆ ಸರಿಸಿದ್ದನ್ನೂ ಕಂಡೆ. ಮುದುಕರು ನೆಲಕ್ಕೆ ಬಿದ್ದರು. ಹಸನಬ್ಬ ಎಬ್ಬಿಸಲಿಲ್ಲ; ನಕ್ಕರು.

ಅಣ್ಣನ ಮೇಲೆ ಯಾಕಿಷ್ಟು ಸಿಟ್ಟು ಎಂದು ತಡೆಯಲಾರದೆ ಕೇಳಿಯೇಬಿಟ್ಟೆ. ಅಣ್ಣ ನಮಾಜಿಗೆ ಹೋಗುವವರೆಗೆ ಕಾದು ಅವರು ಹೇಳಿದರು.

ಯುದ್ಧದ ಕಾಲದಲ್ಲಿ ಇಬ್ಬರೂ ಬರ್ಮಾದಲ್ಲಿ, ನದಿ ದಂಡೆಯ ಪೇಟೆಯೊಂದರಲ್ಲಿ ವ್ಯಾಪಾರಕ್ಕಿದ್ದರು. ಊರು ಜಪಾನಿಯರ ಕೈಯಲ್ಲಿತ್ತು. ಒಂದು ಸಂಜೆ ಬ್ರಿಟಿಷರ ಬಾಂಬು ವಿಮಾನ ಉರಿಯುತ್ತಾ ಬಂದು ಗದ್ದೆಗೆ ಬಿತ್ತು. ಒಳಗಿದ್ದವರು ಗುರುತು ಸಿಗದಂತೆ ಸುಟ್ಟುಹೋದರು. ಪ್ಯಾರಾಚೂಟಿನಲ್ಲಿ ಹಾರಿದ ಇಬ್ಬರಲ್ಲಿ ಒಬ್ಬನನ್ನು ಸೈನಿಕರು ಗಾಳಿಯಲ್ಲೇ ಗುಂಡಿಟ್ಟು ಕೊಂದರು. ಇನ್ನೊಬ್ಬ, ಕಾಲು ಮುರಿದ ಹುಡುಗ, ಇವರ ಹಿತ್ತಲಿಗೆ ತೆವಳಿಕೊಂಡು ಬಂದ. ಹಸನಬ್ಬ ಅವನನ್ನು ಅಕ್ಕಿ ಮೂಟೆಗಳ ಹಿಂದೆ ಅಡಗಿಸಿದರು.

"ಆ ಹುಡುಗ ನನ್ನ ಕೈ ಬಿಡ್ತಿರ್ಲಿಲ್ಲ, ಮೇಷ್ಟ್ರೇ. ಯಾರಿಗೂ ಹೇಳುದಿಲ್ಲ ಅಂತ ಅವನ ಎದುರೇ ಅಲ್ಲಾಹನ ಮೇಲೆ ಆಣೆ ಹಾಕಿದ್ದೆ. ಮಿಲಿಟರಿಯವರು ಬಂದು ನನ್ನ ಕುತ್ತಿಗೆಗೆ ಕತ್ತಿ ಇಟ್ರು. ನಾನು ಬಾಯಿ ಬಿಡ್ಲಿಲ್ಲ. ಇವನು, ನನ್ನ ಅಣ್ಣ, ಮೂಟೆಗಳ ಕಡೆ ಕೈ ತೋರಿಸಿದ."

ಪೇಟೆಯವರನ್ನೆಲ್ಲ ನಿಲ್ಲಿಸಿ, ಎಲ್ಲರ ಕಣ್ಣೆದುರು, ದಂಡೆಯಲ್ಲಿ ಹುಡುಗನ ತಲೆ ಕಡಿದರು. ಹೊಂಡ ತೋಡುವ ಕೆಲಸ ಈ ಅಣ್ಣತಮ್ಮಂದಿರಿಗೇ ಬಿತ್ತು.

"ಕಡಿಯುವ ಮೊದಲು ಅವನು ನೋಡಿದ್ದು ನನ್ನನ್ನು, ಮಾರಾಯ್ರೆ. ಇವನನ್ನಲ್ಲ. ನಾನೇ ಹಿಡಿದುಕೊಟ್ಟೆ ಅಂತ ತಿಳ್ಕೊಂಡು ಸತ್ತ."

"ಹಾಗಾದರೆ ಅಣ್ಣನಿಂದ ಬೇರೆಯಾಗಬಹುದಿತ್ತಲ್ಲ?"

"ಬೇರೆ ಹೋದ್ರೆ ಅವನು ಮರೀತಾನೆ."

ಕೆಲವು ವರ್ಷಗಳ ಮೇಲೆ ಮಮ್ಮದ್ ಬ್ಯಾರಿ ಆಸ್ಪತ್ರೆ ಸೇರಿದರು. ನಾನು ಒತ್ತಾಯಿಸಿದ್ದಕ್ಕೆ ಹಸನಬ್ಬ ನೋಡಲು ಬಂದರು. ಮುದುಕರು ತಡವರಿಸಿ ತಮ್ಮನ ಅಂಗಿ ಹಿಡಿದುಕೊಂಡರು. ಅವರು ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಹೇಳಿದ್ದು ನನಗೂ ತಿಳಿಯಿತು.

"ಹಸನಾ, ನಿನ್ನನ್ನು ಉಳಿಸ್ಲಿಕ್ಕೆ ಬೇರೆ ದಾರಿ ಇರ್ಲಿಲ್ಲ. ಇನ್ನೊಂದು ಸಲ ಆದ್ರೂ ಹಾಗೇ ಮಾಡ್ತೇನೆ."

ಹಸನಬ್ಬ ಆ ಬೆರಳುಗಳನ್ನು ಅಂಗಿಯಿಂದ ಒಂದೊಂದಾಗಿ ಬಿಡಿಸಿ ಹೊರಗೆ ನಡೆದರು. ಮರುದಿನ ಮುದುಕರು ತೀರಿಕೊಂಡರು.

ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ಮಂಗಳೂರು ಬಿಡುವಾಗ ಹೇಳಿಹೋಗಲು ಅಂಗಡಿಗೆ ಇಳಿದೆ. ಹಸನಬ್ಬರನ್ನು ನಾನು ಕೊನೆಯ ಸಲ ನೋಡಿದ್ದು ಆವತ್ತೇ. ತುಂಬ ಸೊರಗಿದ್ದರು, ಮೇಲಿನ ಥಾನನ್ನು ತಾವೇ ಇಳಿಸಲು ಹೋಗಿ ಏದುಸಿರು ಬಿಡುತ್ತಿದ್ದರು.

"ಈಗಾದರೂ ಅವರನ್ನು ಕ್ಷಮಿಸಬಾರದೇ?" ಎಂದೆ.

"ನನಗೆ ಅವನ ಮೇಲೆ ಪ್ರೀತಿ ಇರ್ಲಿಲ್ಲ ಅಂತ ಗ್ರಹಿಸಿದ್ದೀರಾ?" ಎಂದರು. "ಉಂಟು ಮೇಷ್ಟ್ರೇ, ಈಗಲೂ ಉಂಟು. ಆದರೆ ಆ ಹುಡುಗನ ಪರವಾಗಿ ಸಿಟ್ಟು ಮಾಡ್ಲಿಕ್ಕೆ ಈ ಲೋಕದಲ್ಲಿ ನಾನೊಬ್ಬನೇ ಅಲ್ವಾ ಇರುದು?"