ಅವ್ವ ಕೇಳಿದ ಪಿಯಾನೊ

ನಾನು ಏನು ಕೆಲಸ ಮಾಡುತ್ತೇನೆಂದು ಮೊಳಕಾಲ್ಮುರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಿಯಾನೊ ಎಂದರೆ ಹಾರ್ಮೋನಿಯಂನ ದೊಡ್ಡಣ್ಣ ಎಂದುಕೊಂಡವರೇ ಬುದ್ಧಿವಂತರು. ಉಳಿದವರ ಲೆಕ್ಕದಲ್ಲಿ ನಾನು ಮದರಾಸಿನ ಯಾವನೋ ದೊರೆಯ ಬಂಗಲೆಯಲ್ಲಿ ಊಳಿಗದವನು. ಊರಿಗೆ ಬಂದಾಗಲೆಲ್ಲ "ಏನಪ್ಪಾ, ದೊರೆ ಚೆಂದಾಗಿ ನೋಡ್ಕಂತಾನಾ?" ಎಂದು ಕೇಳುವರು. ಬಿಡಿಸಿ ಹೇಳಿ ಹೇಳಿ ತಲೆ ಚಿಟ್ಟು ಹಿಡಿದು, ಕೊನೆಗೆ "ಹೂಂ, ನೋಡ್ಕಂತಾನೆ" ಎಂದುಬಿಡುತ್ತಿದ್ದೆ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ಬೇಗ ಹೋದ. ಬಳ್ಳಾರಿಯಲ್ಲಿ ಸೀರೆ ಮಾರುತ್ತಿದ್ದ ಸೋದರಮಾವ ಓದಲಿಕ್ಕೆಂದು ನನ್ನನ್ನು ಅಲ್ಲಿಗೆ ಕರೆದೊಯ್ದ. ಅಲ್ಲಿನ ಪಾದ್ರಿಯ ಹೆಂಡತಿಗೆ ಮಕ್ಕಳಿರಲಿಲ್ಲ, ಹೊತ್ತೂ ಹೋಗುತ್ತಿರಲಿಲ್ಲ. ಎಳೆಗೆ ಎಳೆ ಕೂಡಿಸಿ ಪಳಗಿದ್ದ ನನ್ನ ಬೆರಳುಗಳನ್ನು ನೋಡಿ ಪಿಯಾನೊ ಮುಂದೆ ಕೂರಿಸಿದಳು. ಅದರ ಕೀಲಿಗಳ ಮೇಲೆ, ಬಿಳಿ ಮನೆ, ಕರಿ ಮನೆಗಳ ಮೇಲೆ, ಬೆರಳು ತಪ್ಪಿದರೆ ಗೆಣ್ಣಿಗೆ ರೂಲುಕೋಲಿನ ಏಟು ಬೀಳುತ್ತಿತ್ತು. ಆಕೆಯೇ ಮುಂದೆ ನನ್ನನ್ನು ಮದರಾಸಿಗೆ ಕಳಿಸಿದಳು.

ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ಕರಿ ಕೋಟು ಹಾಕಿ ಕಚೇರಿ ಕೊಟ್ಟೆ. ಚಪ್ಪಾಳೆ ಚೆನ್ನಾಗಿಯೇ ಬೀಳುತ್ತಿತ್ತು. ಹೊಡೆದವರು ಎದ್ದು ಊಟಕ್ಕೆ ಹೋಗುತ್ತಿದ್ದರು; ಆ ಮೇಜಿಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ನಮ್ಮವರ ಪಂಕ್ತಿಯಲ್ಲಿ ಕೂರೋಣವೆಂದರೆ ಅಲ್ಲಿ ನನ್ನ ಕೋಟು ಅಡ್ಡ ಬರುತ್ತಿತ್ತು. ಕೋಣೆಗೆ ಬಂದು ಬಾಳೆಹಣ್ಣು ಸುಲಿದು ತಿಂದು ಮಲಗುತ್ತಿದ್ದೆ.

ನನಗಿದ್ದದ್ದು ಒಂದೇ ಆಸೆ. ಅವ್ವ ಒಮ್ಮೆ ಕೇಳಬೇಕು, ಕೇಳಿ "ಚೆನ್ನಾಗೈತೆ" ಅನ್ನಬೇಕು. ಆದರೆ ಅವಳು ರೈಲು ಹತ್ತುವವಳಲ್ಲ, ಪಿಯಾನೊ ಎತ್ತಿನಗಾಡಿಯಲ್ಲಿ ಬರುವಂಥದ್ದಲ್ಲ. ಹೀಗೇ ವರ್ಷಗಳು ಕಳೆದವು.

ಅಷ್ಟರಲ್ಲಿ ಚಳ್ಳಕೆರೆ ಕಡೆ ಸರ್ಕಾರದ ದನಗಳ ಹುಲ್ಲುಗಾವಲು ನೋಡಿಕೊಳ್ಳಲು ಒಬ್ಬ ದೊರೆ ಬಂದ. ಮದರಾಸಿನಲ್ಲಿ ನನ್ನ ಕಚೇರಿ ಕೇಳಿದ್ದವನು. ಅವನ ಬಂಗಲೆಯಲ್ಲಿ ಹೆಂಡತಿಯ ಪಿಯಾನೊ ಇತ್ತು. ನಾನು ಊರಿಗೆ ಬಂದಿದ್ದು ತಿಳಿದು, ಬಂದು ನುಡಿಸು, ತಾಯಿಯನ್ನೂ ಕರೆದುಕೊಂಡು ಬಾ ಎಂದು ಹೇಳಿಕಳಿಸಿದ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಾಡಿ ಕಟ್ಟಿಸಿದೆ. ಜನ್ಮವೆಲ್ಲ ರೇಷ್ಮೆ ನೇಯ್ದ ಅವ್ವ ಅಂದೂ ನೂಲಿನ ಸೀರೆಯನ್ನೇ ಉಟ್ಟು ಹೊರಟಳು. ಬಿ.ಜಿ. ಕೆರೆಯಲ್ಲಿ ಎತ್ತು ಬಿಟ್ಟು ಬುತ್ತಿ ಉಂಡೆವು.

ಬಂಗಲೆಯಲ್ಲಿ ಕುರ್ಚಿ ತೋರಿಸಿದರೆ ಅವಳು ಒಲ್ಲೆನೆಂದು ನೆಲದ ಮೇಲೆ, ನನ್ನ ಪಕ್ಕದಲ್ಲೇ ಕೂತಳು. ದೊರೆ ಜಗಲಿಯಲ್ಲಿ ಚುಟ್ಟಾ ಹಚ್ಚಿದ. ಮುಂಬಯಿಯಲ್ಲಿ ಜನ ಎದ್ದು ನಿಂತು ಮೆಚ್ಚಿದ್ದ ದೊಡ್ಡ ಕೃತಿಯನ್ನೇ ಎತ್ತಿಕೊಂಡೆ. ಅಷ್ಟು ಜೀವ ಹಾಕಿ ನಾನು ಎಲ್ಲೂ ನುಡಿಸಿರಲಿಲ್ಲ. ಅವ್ವ ಮೊದಮೊದಲು ತಲೆದೂಗಿದಳು, ಆಮೇಲೆ ಯಾಕೋ ಬಾಗಿಲ ಕಡೆ ನೋಡತೊಡಗಿದಳು.

ಮುಗಿಸಿ ಅವಳ ಮುಖ ನೋಡಿದೆ.

"ಚೆನ್ನಾಗೈತೆ ಕಣಪ್ಪಾ," ಅಂದಳು. "ಹಾಡೋರು ಎಷ್ಟೊತ್ತಿಗೆ ಬರ್ತಾರೆ?"

ನನಗೆ ರೇಗಿಹೋಯಿತು. ಇಷ್ಟು ಕಾಲ ಕಾದ ಮಾತು ಬಂದದ್ದು ಪಕ್ಕವಾದ್ಯದವನಿಗೆ ಹೇಳುವ ಹಾಗೆ!

"ಯಾರೂ ಬರಲ್ಲವ್ವಾ. ಇದಕ್ಕೆ ಹಾಡಿಲ್ಲ. ನುಡಿಸೋದಷ್ಟೇ."

"ಮದ್ರಾಸ್ನಾಗೂ?"

"ಅಲ್ಲೂ ಅಷ್ಟೇ."

"ಮತ್ತೆ ತಾಳ ಹಾಕೋರು?"

"ಅವರೂ ಇಲ್ಲ."

ಅವಳ ಮುಖ ಸಣ್ಣದಾಯಿತು. ನಮ್ಮ ಮನೆಮಾತು ತೆಲುಗು. ಎದೆಗೆ ತಾಕಿದ್ದನ್ನು ಅವ್ವ ಅದರಲ್ಲೇ ಆಡುತ್ತಿದ್ದಳು. "ಒಕ್ಕಡಿವೇನಾ, ನಾಯನಾ?" ಅಂದಳು. ಒಬ್ಬನೇನಾ, ನನ್ನಪ್ಪಾ? ಅಷ್ಟು ಊರುಗಳಲ್ಲಿ, ಅಷ್ಟು ಜನರಲ್ಲಿ, ನನ್ನನ್ನು ಹೀಗೆ ಕೇಳಿದವರು ಯಾರೂ ಇರಲಿಲ್ಲ. ಸಿಟ್ಟೆಲ್ಲ ಇಳಿದುಹೋಯಿತು. ಹೂಂ ಎಂದು ತಲೆಯಾಡಿಸಿದೆ.

ಅವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಹಾಡತೊಡಗಿದಳು. ಮಗ್ಗಕ್ಕೆ ಹಾಸಿನ ಎಳೆ ಹೂಡುವಾಗ ಗುನುಗುತ್ತಿದ್ದ ಪುಟ್ಟ ಹಾಡು. ಮಗ ಒಬ್ಬನೇ ಆಗಬಾರದಲ್ಲ!

ನಾನು ಅವಸರದಿಂದ ಅವಳ ಶ್ರುತಿ ಹುಡುಕಿದೆ. ಒಂದು ಬಿಳಿ ಮನೆ ಒತ್ತಿದೆ, ತಗ್ಗಾಯಿತು. ಪಕ್ಕದ ಕರಿ ಮನೆ ಒತ್ತಿದೆ, ಏರಾಯಿತು. ಅವಳ ದನಿ ಅವೆರಡರ ನಡುವೆ ಇತ್ತು. ಅಲ್ಲಿ ಬೆರಳಿಡಲು ಏನೂ ಇಲ್ಲ. ಯಾವುದನ್ನು ಒತ್ತಿದರೂ ಅವಳ ಹಾಡು ಕೆಡುತ್ತಿತ್ತು.

"ಬಾರ್ಸಪ್ಪಾ," ಅಂದಳು ನಡುವೆ ನಿಲ್ಲಿಸಿ, ನಗುತ್ತಾ. "ನಾನು ಅದೀನಲ್ಲ."

ನಾನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅವ್ವ ನನ್ನನ್ನೇ ನೋಡುತ್ತಾ ಕೊನೆಯವರೆಗೂ ಒಬ್ಬಳೇ ಹಾಡಿದಳು.